ಚಿಕ್ಕಮ್ಮನ ಪರಮಾಣು ಸಂಸಾರ

ನಮ್ಮ ಚಿಕ್ಕಮ್ಮನಿಗೆ ತನ್ನ ಮೂಗಿನ ಮೇಲೇ ಕೂತಿರುವ ಕನ್ನಡಕ ಕಾಣುವುದಿಲ್ಲ. ಪರಮಾಣು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ! ಬೆಳಗ್ಗೆ ಎದ್ದು ಕನ್ನಡಕಕ್ಕಾಗಿ ಮನೆಯವರನ್ನೆಲ್ಲ ಎಬ್ಬಿಸಿ, ಹಾಸಿಗೆ ಕೊಡವಿಸಿ, ಕೊನೆಗೆ ಅದು ಮೂಗಿನ ಮೇಲೇ ಸಿಕ್ಕಾಗ ಒಂದಿಷ್ಟಾದರೂ ನಾಚಬೇಕೋ ಬೇಡವೋ? ಊಹೂಂ. "ಎಲೆಕ್ಟ್ರಾನೂ ಇಂಗೇ ಕಣೋ, ಎಲ್ಲದೆ ಅಂತ ಹುಡುಕೋಕೆ ಹೋದ್ರೆ ಸಿಗಲ್ಲ" ಎಂದು ನಮಗೇ ಪಾಠ ಶುರುಮಾಡುತ್ತಾಳೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲೂ ಅವಳ ಸೇವೆಯಾಗಿದೆ. ಇಷ್ಟು ವರ್ಗಾವಣೆಗೆ ಕಾರಣ ಇಲಾಖೆಯ ಕೌನ್ಸೆಲಿಂಗ್ ಎಂದು ಅವಳು ಹೇಳುತ್ತಾಳೆ. ಅವಳ ಹಳೆಯ ಮುಖ್ಯೋಪಾಧ್ಯಾಯರುಗಳು ಹೇಳುವ ಕಾರಣ ಬೇರೆ. ನಾನು ಯಾರ ಪರವೂ ವಹಿಸುವುದಿಲ್ಲ; ನಡೆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ.

ಮನೆ ಇರುವುದು ಪಾಂಡವಪುರದ ಹತ್ತಿರ. ಚಿಕ್ಕಪ್ಪ ಅಲ್ಲಿ ಕಬ್ಬು, ಬಾಳೆ ಬೆಳೆಯುತ್ತಾನೆ. ಅವನಿಗೂ ವಿಜ್ಞಾನಕ್ಕೂ ಇರುವ ನಂಟು ಪಂಪ್‌ಸೆಟ್ಟಿನ ಸ್ಟಾರ್ಟರ್‌ವರೆಗೆ ಮಾತ್ರ. ಮದುವೆಯಾದ ಹೊಸದರಲ್ಲಿ ಚಿಕ್ಕಮ್ಮ ಅವನಿಗೆ ಬೈಜಿಕ ವಿದಳನ, ಅಂದರೆ ಪರಮಾಣುವಿನ ಬೀಜ ಒಡೆಯುವ ವಿದ್ಯೆಯನ್ನು ಹೇಳಿಕೊಡಲು ಹೊರಟಳಂತೆ. ಎಲ್ಲವನ್ನೂ ಗಮನವಿಟ್ಟು ಕೇಳಿದ ಚಿಕ್ಕಪ್ಪ ಒಂದೇ ಪ್ರಶ್ನೆ ಕೇಳಿದ: "ಅಲ್ಲ ಕಣಮ್ಮಿ, ಬೀಜಾನೇ ಒಡ್ದಾಕ್ಬುಟ್ರೆ ಬಿತ್ನೆಗೇನ್ ಮಾಡಾರು?"

ಅಂದಿನಿಂದ ಅವಳು ತನ್ನ ಪೂರ್ತಿ ಗಮನವನ್ನು ಶಾಲೆಯ ಮಕ್ಕಳ ಮೇಲೆ ಹರಿಸಿದಳು. ಮಕ್ಕಳ ಗ್ರಹಚಾರ!

ಕಿಕ್ಕೇರಿಯ ಆಚೆ ಒಂದು ಊರಿನ ಶಾಲೆಯಲ್ಲಿದ್ದಾಗ ನಡೆದದ್ದು ಇದು. ಪರಮಾಣುವಿನ ರಚನೆಯನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಪರಮಾಣುವಿಗೆ ಮಾಡುವ ಅವಮಾನ ಎಂದು ಅವಳ ಸಿದ್ಧಾಂತ. ಹಾಗಾಗಿ ಇಡೀ ತರಗತಿಯನ್ನು ಆಟದ ಮೈದಾನಕ್ಕೆ ಹೊರಡಿಸಿ ಸೋಡಿಯಂ ಪರಮಾಣು ಮಾಡಿದಳು. ನಡುವೆ ಪ್ರೋಟಾನು, ನ್ಯೂಟ್ರಾನುಗಳಾಗಿ ಒಂದಿಷ್ಟು ಮಕ್ಕಳು ಒತ್ತೊತ್ತಾಗಿ ನಿಂತರು. ಉಳಿದವರು ಎಲೆಕ್ಟ್ರಾನುಗಳು, ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಸುತ್ತ ಓಡಬೇಕು. ಕಟ್ಟಕಡೆಯ ಗೆರೆಯಲ್ಲಿ ಒಬ್ಬಳೇ ಹುಡುಗಿ. ಅವಳ ಮನೆ ಕಾಂಪೌಂಡಿನ ಆಚೆಗೇ ಇತ್ತು. ಎರಡು ಸುತ್ತು ಓಡಿದಳು, ಮೂರನೆಯ ಸುತ್ತಿಗೆ ಕಾಂಪೌಂಡಿನ ಸಂದಿನಲ್ಲಿ ನುಸುಳಿ ಮನೆ ಸೇರಿ ಮುದ್ದೆ ಉಣ್ಣಲು ಕೂತಳು!

ಮುಖ್ಯೋಪಾಧ್ಯಾಯರು ಓಡಿ ಬಂದರು. "ಮೇಡಂ, ಒಂದು ಮಗು ಕಾಣ್ತಿಲ್ಲ!"

ಚಿಕ್ಕಮ್ಮ ಆನಂದದಿಂದ ಹಿಗ್ಗಿಹೋದಳು. "ಹೌದು ಸಾರ್! ಸೋಡಿಯಮ್ಮಿನ ಗುಣವೇ ಅದು. ಹೊರಗಿನ ಎಲೆಕ್ಟ್ರಾನನ್ನ ಸುಲಭವಾಗಿ ಕೊಟ್ಬುಡುತ್ತೆ. ನಾವೀಗ ಧನ ಅಯಾನು!"

"ನೀವು ಏನಾದ್ರೂ ಆಗಿ ಮೇಡಂ, ಹಾಜರಿ ಹಾಕಿದೀರಲ್ಲ! ಆಫೀಸರ್ ಬಂದ್ರೆ ಅವರಿಗೆ ಅಯಾನು ತೋರಿಸ್ಲಾ?"

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಊರಿನ ದೊಡ್ಡ ಜಮೀನ್ದಾರರೊಬ್ಬರು ಬಿಳಿ ಪಂಚೆ ಎತ್ತಿ ಕಟ್ಟಿಕೊಂಡು ಶಾಲೆಗೆ ಬಂದರು. ಅವರ ಮಗನೂ ಎಲೆಕ್ಟ್ರಾನ್ ಆಗಿದ್ದನಂತೆ.

"ಏನ್ ಮೇಡಮ್ಮೋರೆ, ನನ್ ಮಗುನ್ನ ಬಿಸ್ಲಲ್ಲಿ ಇನ್ನೊಬ್ರ ಸುತ್ತ ಓಡುಸುದ್ರಂತೆ? ನಮ್ ವಂಸ್ದಲ್ಲಿ ಯಾರೂ ಇನ್ನೊಬ್ರ ಸುತ್ತ ಸುತ್ದೋರಲ್ಲ. ಊರೋರೇ ನಮ್ ಸುತ್ತ ಸುತ್ತಾರು. ಅವನ್ನ ಮದ್ಯುಕ್ಕೆ ಆಕ್ಬುಡಿ."

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಚಿಕ್ಕಮ್ಮನಿಗೆ ಮಾತ್ರ ಒಬ್ಬ ಹೊಸ ವಿದ್ಯಾರ್ಥಿ ಸಿಕ್ಕ ಖುಷಿ. "ಹಾಕ್ತೀನಿ ಗೌಡ್ರೆ, ಪ್ರೋಟಾನ್ ಮಾಡ್ತೀನಿ. ಆದ್ರೆ ಒಂದು ತೊಂದ್ರೆ. ಪ್ರೋಟಾನಿಗೆ ಪಕ್ಕದ ಪ್ರೋಟಾನ್ ಕಂಡ್ರೆ ಆಗಲ್ಲ. ಒಂದೇ ಮನೇಲಿದ್ರೂ ಒಂದನ್ನೊಂದು ಯಾವಾಗ್ಲೂ ತಳ್ತಾನೇ ಇರ್ತವೆ."

ಜಮೀನ್ದಾರರ ಮುಖ ಅರಳಿತು. "ಅಂಗಾರೆ ಸರೋಯ್ತು ಬುಡಿ! ಅದು ನಮ್ ವಂಸ್ದಲ್ಲೇ ಅದೆ. ನಂಗೂ ನಮ್ಮಣ್ಣುಂಗೂ ಮಾತು ಬುಟ್ಟು ಯಾವ ಕಾಲ ಆಯ್ತೋ!"

ಮುಂದಿನ ವಾರ ಇನ್ನೂ ಕೆಲವು ತಂದೆ ತಾಯಿಯರು ಬಂದು ತಮ್ಮ ಮಕ್ಕಳನ್ನೂ ಪ್ರೋಟಾನ್ ಮಾಡಬೇಕೆಂದು ಪಟ್ಟು ಹಿಡಿದರು. ಎಲೆಕ್ಟ್ರಾನ್ ಆಗಲು ಇಡೀ ಊರಿನಲ್ಲಿ ಒಬ್ಬರೂ ಸಿಗಲಿಲ್ಲ. ಎಲೆಕ್ಟ್ರಾನೇ ಇಲ್ಲದ ಪರಮಾಣು ಪ್ರಪಂಚದಲ್ಲಿ ಎಷ್ಟು ದಿನ ಬಾಳೀತು? ಮುಖ್ಯೋಪಾಧ್ಯಾಯರು ಆ ಪ್ರಯೋಗವನ್ನೇ ನಿಲ್ಲಿಸಿದರು.

ಮಕ್ಕಳು ಕಲಿಯುತ್ತಿರಲಿಲ್ಲವೆಂದು ಮಾತ್ರ ಹೇಳುವ ಹಾಗಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ "ಬೈಜಿಕ ವಿದಳನಕ್ಕೆ ಒಂದು ಉದಾಹರಣೆ ಕೊಡಿ" ಎಂಬ ಪ್ರಶ್ನೆಗೆ ಒಬ್ಬಳು "ಅವರೆಕಾಳು ಹಿತುಕುವುದು" ಎಂದು ಬರೆದಿದ್ದಳು. ಚಿಕ್ಕಮ್ಮ ಅದಕ್ಕೆ ಅರ್ಧ ಅಂಕ ಕೊಟ್ಟಿದ್ದಾಳೆ! "ಇದೇನು ಚಿಕ್ಕಮ್ಮ?" ಎಂದು ನಾನು ಕೇಳಿದೆ.

"ಬೀಜ ಎರಡಾಗುತ್ತಾ ಇಲ್ವಾ?"

"ಆಗುತ್ತೆ."

"ಹಿತುಕಿದ ಬೇಳೆ ಸಾರು ಉಂಡಮೇಲೆ ಅಪಾರ ಶಕ್ತಿ ಬಿಡುಗಡೆ ಆಗುತ್ತಾ ಇಲ್ವಾ?"

ಹಜಾರದಲ್ಲಿ ಕೂತಿದ್ದ ಚಿಕ್ಕಪ್ಪನ ಕಡೆಗೆ ನೋಡಿ ಈ ಮಾತು ಕೇಳಿದಳು. ಅವನು ಟವಲ್ಲು ಕೊಡವಿಕೊಂಡು ಎದ್ದು ತೋಟಕ್ಕೆ ಹೋದ.

ಆಮೇಲೆ ನಾಗಮಂಗಲದ ಕಡೆಗೆ ವರ್ಗವಾಯಿತು. ಅಲ್ಲಿ ಅವಳು ಕೈಹಾಕಿದ್ದು ಸರಪಳಿ ಕ್ರಿಯೆಗೆ. ಒಂದು ನ್ಯೂಟ್ರಾನು ಹೋಗಿ ಒಂದು ಬೀಜವನ್ನು ಒಡೆಯುತ್ತದೆ, ಅದರಿಂದ ಎರಡು ಮೂರು ನ್ಯೂಟ್ರಾನು ಹೊರಟು ಮತ್ತಷ್ಟು ಬೀಜ ಒಡೆಯುತ್ತವೆ, ಹೀಗೇ ಬೆಳೆಯುತ್ತ ಹೋಗುತ್ತದೆ. ಇದನ್ನು ಮಕ್ಕಳಿಗೆ ಮನದಟ್ಟು ಮಾಡುವುದು ಹೇಗೆ? ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಬ್ಬರು ಹುಡುಗಿಯರನ್ನು ಕರೆದು ಕಿವಿಯಲ್ಲಿ ಹೇಳಿದಳು: "ನಾಳೆ ಸ್ಕೂಲಿಗೆ ರಜೆಯಂತೆ. ಯಾರಿಗೂ ಹೇಳ್ಬೇಡಿ. ತಡೆಯೋಕೇ ಆಗ್ಲಿಲ್ಲ ಅಂದ್ರೆ ತಲಾ ಇಬ್ಬರಿಗೆ ಮಾತ್ರ ಹೇಳಿ."

ಕೊನೆಯ ಪೀರಿಯಡ್ಡಿನಲ್ಲಿ, ಸುದ್ದಿ ಯಾರಿಂದ ಯಾರಿಗೆ ಹೋಯಿತೆಂದು ಮಕ್ಕಳಿಂದಲೇ ಹೇಳಿಸಿ, ಬೋರ್ಡಿನ ಮೇಲೆ ಚಿತ್ರ ಬರೆದು, ರಜೆ ಗಿಜೆ ಏನೂ ಇಲ್ಲವೆಂದು ಗುಟ್ಟು ಬಿಚ್ಚುವುದು ಅವಳ ಯೋಜನೆ. ಆದರೆ ಸರ್ಕಾರಿ ಶಾಲೆಯಲ್ಲಿ ಕೊನೆಯ ಪೀರಿಯಡ್ಡನ್ನು ನಂಬಿದವರು ಉದ್ಧಾರವಾದದ್ದುಂಟೆ? ಯಾವುದೋ ತುರ್ತು ಮಾಹಿತಿ ಕಳುಹಿಸಬೇಕೆಂದು ಮೇಲಿನಿಂದ ಫೋನು ಬಂದು, ಶಿಕ್ಷಕರನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿದರು. ಮಕ್ಕಳು ಬೆಲ್ಲು ಹೊಡೆದ ಕೂಡಲೇ ಮನೆಗೆ ಹೋದರು. ಮಕ್ಕಳ ಜೊತೆ ಸುದ್ದಿಯೂ ಹೋಯಿತು.

ಮರುದಿನ ಬೆಳಗ್ಗೆ ಚಿಕ್ಕಮ್ಮ ಶಾಲೆಗೆ ಹೋದರೆ ಗೇಟಿಗೆ ಬೀಗ! ಒಂದು ಮಗುವಿಲ್ಲ, ಬಿಸಿಯೂಟದವರಿಲ್ಲ, ಪಕ್ಕದ ಪ್ರೈಮರಿ ಶಾಲೆಯೂ ಇಲ್ಲ, ಅದರ ಪಕ್ಕದ ಅಂಗನವಾಡಿಯೂ ಇಲ್ಲ. ಗೇಟಿನ ಮುಂದೆ ನಿಂತು ಗಾಬರಿಯಾಗಬೇಕೋ, ಹೆಮ್ಮೆಪಡಬೇಕೋ ತಿಳಿಯದೆ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದಳು.

"ಸಾರ್, ಎಲ್ಲಿದೀರಿ?"

"ಮಗಳ ಮನೆಗೆ ಬಂದಿದೀನಿ ಮೇಡಂ. ಹೆಂಗೂ ರಜೆ ಅಲ್ವಾ? ಅದ್ಸರಿ, ರಜೆ ಯಾಕಂತೆ? ನಿಮಗೇನಾದ್ರೂ ಗೊತ್ತಾಯ್ತಾ?"

ಮೇಲಿನ ಕಚೇರಿಗೆ ವಿಷಯ ಮುಟ್ಟಿ, ಕಾರಣ ಕೇಳಿ ನೋಟಿಸು ಬಂತು. ಸುಳ್ಳು ಸುದ್ದಿ ಹಬ್ಬಿಸಿದ ಶಿಕ್ಷಕಿಯ ವೇತನ ಬಡ್ತಿ ತಡೆಯಬಾರದೇಕೆ ಎಂದು ಕೇಳಿದ್ದರು. ವಿಚಾರಣೆಗೆ ಹೋದ ಚಿಕ್ಕಮ್ಮ ತಲೆ ಬಗ್ಗಿಸಿ ಕ್ಷಮೆ ಕೇಳುವುದು ಬಿಟ್ಟು, "ಸಾರ್, ರಿಯಾಕ್ಟರಿನಲ್ಲಿ ನಿಯಂತ್ರಣ ಕಡ್ಡಿಗಳು ಅಂತ ಇರ್ತವೆ. ನ್ಯೂಟ್ರಾನುಗಳನ್ನ ಹೀರಿಕೊಂಡು ಕ್ರಿಯೆ ಕೈಮೀರದ ಹಾಗೆ ನೋಡ್ಕೊಳ್ಳೋದು ಅವುಗಳ ಕೆಲಸ. ನಮ್ಮ ಶಾಲೇಲಿ ಆ ಕೆಲಸ ಮುಖ್ಯೋಪಾಧ್ಯಾಯರದು. ಕಡ್ಡಿಯೇ ಮಗಳ ಮನೆಗೆ ಹೋದ್ರೆ ನಾನೇನು ಮಾಡ್ಲಿ?" ಎಂದುಬಿಟ್ಟಳು. ವಿಚಾರಣೆ ಮುಂದುವರಿದರೆ ಕಡ್ಡಿಯ ಜೊತೆಗೆ, ಅಂದು ರಜೆಯೆಂದು ನಂಬಿ ಶಾಲೆಯ ತಪಾಸಣೆಗೇ ಬಾರದ ಮೇಲಿನ ಕಚೇರಿಯ ಕೆಲವರ ಹೆಸರೂ ಹೊರಬೀಳುತ್ತಿತ್ತು. ನೋಟಿಸು ಅಲ್ಲೇ ಸತ್ತುಹೋಯಿತು. ಚಿಕ್ಕಮ್ಮನಿಗೆ ಮಾತ್ರ ಮತ್ತೆ ವರ್ಗವಾಯಿತು, ಈ ಸಲ ಚಿನಕುರಳಿಯ ಕಡೆಗೆ.

ಮನೆಗೆ ಹತ್ತಿರವಾಯಿತೆಂದು ಚಿಕ್ಕಪ್ಪ ಸಂತೋಷಪಟ್ಟ. ಪಾಪ, ಅವನಿಗೇನು ಗೊತ್ತಿತ್ತು? ಬಂದ ತಿಂಗಳಲ್ಲೇ ಚಿಕ್ಕಮ್ಮ ವಿಕಿರಣದ ಪಾಠ ಮಾಡುತ್ತ, "ವಿಕಿರಣ ಅಂದ್ರೆ ಹೆದರಬಾರ್ದು ಮಕ್ಕಳೇ, ನಾವು ದಿನಾ ತಿನ್ನೋ ಬಾಳೆಹಣ್ಣಲ್ಲೂ ಒಂದು ಚೂರು ಇರ್ತದೆ" ಎಂದಳು. ಮಕ್ಕಳು ಮನೆಗೆ ತೆಗೆದುಕೊಂಡು ಹೋದದ್ದು ಆ ವಾಕ್ಯದ ಹಿಂಭಾಗವನ್ನು ಮಾತ್ರ. ಆ ವಾರ ಸುತ್ತಮುತ್ತ ನಡೆದ ಮದುವೆಗಳಲ್ಲಿ ಎಲೆಯ ತುದಿಯ ಬಾಳೆಹಣ್ಣುಗಳು ಹಾಗೆಹಾಗೇ ಉಳಿದವು. ಯಾರ ತೋಟದ ಹಣ್ಣು ಅಂದಿರಿ? ಚಿಕ್ಕಪ್ಪನದೇ!

"ಊರ್ಗೆಲ್ಲ ಪಾಟ ಏಳಿ ಏಳಿ ಕೊನ್ಗೆ ನನ್ ತೋಟುಕ್ಕೇ ಬಾಂಬ್ ಆಕ್ಬುಟ್ಟಲ್ಲಮ್ಮಿ!" ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಚಿಕ್ಕಮ್ಮ ಸುಮ್ಮನಿರುವವಳೆ? ಬಸ್‌ಸ್ಟಾಂಡಿನ ಹಣ್ಣಿನ ಗಾಡಿಯ ಮುಂದೆ ನಿಂತು, ಬಂದು ಹೋಗುವವರಿಗೆಲ್ಲ ಕಾಣುವ ಹಾಗೆ ಬಾಳೆಹಣ್ಣು ಸುಲಿದು ತಿನ್ನುತ್ತ ಭಾಷಣ ಮಾಡಿದಳು. ಜನರಿಗೆ ಧೈರ್ಯ ಬಂತು. ಅವಳಿಗೆ ಅಜೀರ್ಣವಾಯಿತು. "ನೋಡ್ರಪ್ಪ, ಮೇಡಮ್ಮುಂಗೇ ಒಡೀತು ಇಕಿರಣ!" ಎಂದು ಮತ್ತೆ ಸುದ್ದಿ ಹಬ್ಬಿತು!

ಹೀಗೆ ನಗುತ್ತ ನಗಿಸುತ್ತ ನಡೆಯುತ್ತಿದ್ದ ಸಂಸಾರ. ಕಳೆದ ವರ್ಷ ಚಿಕ್ಕಪ್ಪನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು. ಒಳಗೆ ಉಳಿದಿರಬಹುದಾದ ಚೂರುಪಾರನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಕುಡಿಸಬೇಕೆಂದು ಡಾಕ್ಟರು ವಿವರಿಸುತ್ತ, ಅದರ 'ಹಾಫ್ ಲೈಫ್', ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ, ಇಷ್ಟು ಎಂದರು. ನಾನೂ ಜೊತೆಯಲ್ಲಿದ್ದೆ.

"ಅಂಗಂದ್ರೇನಮ್ಮಿ?" ಎಂದು ಚಿಕ್ಕಪ್ಪ ಕೇಳಿದ.

"ಅರ್ಧಾಯುಷ್ಯ" ಎಂದಳು ಚಿಕ್ಕಮ್ಮ, ಅಭ್ಯಾಸಬಲದಿಂದ.

ಚಿಕ್ಕಪ್ಪನ ಮುಖ ಬಿಳುಚಿತು. "ಅರ್ದ ಆಯಸ್ಸಾ? ನಂದಾ?"

"ನಿಮ್ದಲ್ಲ ಕಣ್ರೀ! ಅಯೋಡಿನ್ನಿಂದು!"

ಡಾಕ್ಟರು ನಕ್ಕರು, ನಾನೂ ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತವಳು ಬಹಳ ಹೊತ್ತು ಏಳಲೇ ಇಲ್ಲ.

ಅಯೋಡಿನ್ ಕುಡಿದವನ ಮೈಯಿಂದಲೇ ವಿಕಿರಣ ಸೂಸುವುದರಿಂದ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಕೆಲವು ದಿನ ಯಾರೂ ಅವನ ಹತ್ತಿರ ಹೋಗಬಾರದಿತ್ತು. ಹಿಂದಿನ ಕೋಣೆ, ಬೇರೆ ತಟ್ಟೆ, ಬೇರೆ ಬಚ್ಚಲು. ಎಷ್ಟು ದೂರ ಇರಬೇಕೆಂದು ಚಿಕ್ಕಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಿಟಕಿಯ ಎದುರಿಗೆ, ಅಂಗಳದ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಶಾಲೆಗೆ ರಜೆ ಹಾಕಿದ್ದಳು. ಅವನು ಒಳಗೆ ಉಣ್ಣುವಾಗ ಇವಳು ಅಲ್ಲೇ ಕೂತು ಉಣ್ಣುತ್ತಿದ್ದಳು. ಕಂಬ ಸಿಕ್ಕಿದರೆ ಕಂಬಕ್ಕೂ ಪಾಠ ಹೇಳುತ್ತಿದ್ದವಳ ಬಾಯಿಂದ ಒಂದು ಮಾತಿಲ್ಲ.

ಅದು ಚಿಕ್ಕಪ್ಪನಿಗೇ ತಡೆಯಲಾಗಲಿಲ್ಲ. "ಏನಮ್ಮಿ, ಪಾಟ ಗೀಟ ಏನೂ ಇಲ್ವಾ?" ಎಂದು ಒಳಗಿನಿಂದ ಕೂಗಿದ.

"ಏನ್ ಪಾಠ ಹೇಳ್ಲಿ?"

"ನನ್ನೊಳ್ಗೆ ಏನ್ ನಡೀತಾ ಅದೆ ಅಂತ ಏಳು. ನೀನು ಏಳುದ್ರೆ ಎದ್ರುಕೆ ಕಮ್ಮಿಯಾಯ್ತದೆ."

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡಳು. "ಅಲ್ಲಿರೋವು ತಳಮಳ ಪಡೋ ಪರಮಾಣುಗಳು ಕಣ್ರೀ. ಒಳಗಿರೋದನ್ನ ಹೊರಗೆ ಹಾಕಿ ಒಂದೊಂದೇ ಸಮಾಧಾನ ಆಗ್ತವೆ. ಯಾವುದು ಯಾವಾಗ ಅಂತ ಯಾರಿಗೂ ಗೊತ್ತಾಗಲ್ಲ. ಮೊದಲು ಅರ್ಧ, ಆಮೇಲೆ ಅದರಲ್ಲಿ ಅರ್ಧ, ಆಮೇಲೆ..." ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮುಖ ಆಚೆ ತಿರುಗಿಸಿಕೊಂಡಳು.

"ಗೊತ್ತಾಯ್ತು ಬುಡು" ಎಂದ ಚಿಕ್ಕಪ್ಪ ಮೆಲ್ಲಗೆ. "ನೀನಿಷ್ಟು ಚೆನ್ನಾಗ್ ಏಳ್ತೀಯ ಅಂತ ಮೊದ್ಲೇ ಗೊತ್ತಿದ್ರೆ ಅವತ್ತೇ ಕಲ್ತ್ಕೊಬುಡ್ತಿದ್ದೆ."

ಮತ್ತೆ ಪರೀಕ್ಷೆ ಮಾಡಿಸಿದಾಗ ಎಲ್ಲವೂ ಸರಿಯಾಗಿದೆ, ಇನ್ನು ಯಾವ ಭಯವೂ ಇಲ್ಲ, ದೂರವೂ ಬೇಡ ಎಂದು ಡಾಕ್ಟರು ಹೇಳಿ ಕಳುಹಿಸಿದರು. ಮರುದಿನ ಬೆಳಗ್ಗೆ ಚಿಕ್ಕಮ್ಮ ಕಾಫಿ ಹಿಡಿದು ಆ ಕೋಣೆಗೆ ಹೋದಳು. ಲೋಟವನ್ನು ಅವನಿಗೆ ಕೊಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಮಂಚದ ಮೇಲೆ ಅವನ ಪಕ್ಕಕ್ಕೇ ಕೂತು, ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡಳು.

"ಕಾಪಿ ಆರೋಯ್ತದೆ ಕಣಮ್ಮಿ" ಎಂದ ಚಿಕ್ಕಪ್ಪ.

"ಆರ್ಲಿ ಬುಡಿ" ಎಂದಳು.