ದರ್ಜಿಯ ಮನೆಯ ಸಂದಿಗಾಳಿ

ಮನೆಯೊಳಗೆ ಗಾಳಿ ಇರಬಹುದು, ಆದರೆ ಅದು ಓಡಾಡತಕ್ಕದ್ದಲ್ಲ ಎಂಬುದು ಸಂದಿಗಾಳಿ ನಿವಾರಣಾ ಇಲಾಖೆಯ ಮೊದಲನೆಯ ನಿಯಮ. ಇಂಥ ಒಳ್ಳೆಯ ನಿಯಮವನ್ನು ಅರ್ಥಮಾಡಿಕೊಳ್ಳುವಷ್ಟು ಬುದ್ಧಿ ಗಾಳಿಗೆ ಇಲ್ಲದ ಕಾರಣ, ಇಲಾಖೆಯು ಪರಿವೀಕ್ಷಕರನ್ನು ನೇಮಿಸಿ, ಅವರ ಕೈಗೆ ಶಾಖ ತೋರಿಸುವ ಒಂದೊಂದು ಯಂತ್ರ ಕೊಟ್ಟಿತು. ನೋಡಲು ಪಿಸ್ತೂಲಿನಂತಿದ್ದ ಅದರ ಬೆನ್ನಿಗೆ ಒಂದು ಪುಟ್ಟ ಪರದೆ. ಗೋಡೆಗೆ ಗುರಿ ಹಿಡಿದರೆ ಬೆಚ್ಚಗಿರುವ ಜಾಗ ಕೆಂಪಗೂ, ಗಾಳಿ ನುಸುಳಿ ತಣ್ಣಗಾದ ಜಾಗ ನೀಲಿಯಾಗಿಯೂ ಕಾಣುತ್ತಿತ್ತು. ಯಂತ್ರ ನಿಜಕ್ಕೂ ಚೆನ್ನಾಗಿತ್ತು. ಅದರ ಬಗ್ಗೆ ಯಾರದೂ ತಕರಾರಿಲ್ಲ.

ಬೀದಿಯವರೆಲ್ಲ ಆ ಯಂತ್ರಕ್ಕೆ ಹೆದರಿ ಕದ ಹಾಕಿಕೊಂಡರೆ, ದರ್ಜಿಯೊಬ್ಬ ಮಾತ್ರ ತಾನಾಗಿಯೇ ಇಲಾಖೆಗೆ ಹೋಗಿ, ನಮ್ಮ ಮನೆಗೆ ಬನ್ನಿ ಎಂದು ಕರೆದು ಬಂದ. ಅವನ ಸಂಕಟ ಅವನಿಗೆ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದ ಅತ್ತೆಗೆ ಹಜಾರದಲ್ಲಿ ಹಾಸಿಗೆ ಹಾಕಿದ್ದೇ ತಪ್ಪಾಯಿತು. ಮುಂಬಾಗಿಲ ಕೆಳಗಿನಿಂದ ಗಾಳಿ ಬಂದು ಅವರ ಮಂಡಿ ಹಿಡಿದುಕೊಂಡಿತು. ಅವರು ಹೋಗಿ ಒಳಕೋಣೆಯ ಮಂಚ ಹಿಡಿದುಕೊಂಡರು. ಅಂದಿನಿಂದ ದರ್ಜಿಗೆ ಹಜಾರದ ಕಟಿಂಗ್ ಟೇಬಲ್ಲೇ ಗತಿ. ಮಗ್ಗುಲು ಬದಲಿಸಿದರೆ ಒಂದು ಕಡೆ ಕತ್ತರಿ, ಇನ್ನೊಂದು ಕಡೆ ನೆಲ. ಕುತ್ತಿಗೆ ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು. ಬಲಗಡೆ ನಿಂತ ಗಿರಾಕಿಯ ಅಳತೆ ತೆಗೆಯಬೇಕಾದರೆ ಗಿರಾಕಿಯೇ ಸುತ್ತಿಕೊಂಡು ಈಚೆ ಬರಬೇಕಾಗಿತ್ತು. ತನ್ನ ಮಂಚ ತನಗೆ ಸಿಗಬೇಕು, ಆ ಬಡಪಾಯಿಗೆ ಬೇಕಾದದ್ದು ಅಷ್ಟೇ.

ಕೈ ಕಟ್ಟಿ ಕೂರುವ ಆಸಾಮಿ ಅವನಲ್ಲ. ಚಿಂದಿ ಬಟ್ಟೆ ತುಂಬಿ, ಬಾಗಿಲ ಅಗಲಕ್ಕೆ ಸರಿಯಾಗಿ ಒಂದು ಉದ್ದನೆಯ ದಿಂಬು ಹೊಲಿದು ಸಂದಿಗೆ ಒತ್ತಿದ. ಗಾಳಿ ನಿಂತಿತು. ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು.

"ಅತ್ತೆ, ಈಗ ಹಜಾರ ಬೆಚ್ಚಗಿದೆ. ನೀವು ಇಲ್ಲೇ ಮಲಗಬಹುದು," ಎಂದ.

"ನೀವು ಹೇಳಿದ್ರೆ ಆಯ್ತೇ ಅಳಿಯಂದ್ರೇ? ನಿಮ್ಮ ಕಣ್ಣೆಲ್ಲ ಈ ಮಂಚದ ಮೇಲೆ. ಸರ್ಕಾರದ ಮಿಷನ್ನು ಬಂದು ಹೇಳ್ಲಿ, ಆಗ ನಂಬ್ತೀನಿ."

ಹಾಗಾಗಿ ಪರಿವೀಕ್ಷಕರೊಬ್ಬರು ಬಂದರು. ಬಂದವರೇ ಮುಂಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಕಲ್ಲು ಒತ್ತಿದರು. ದಿಂಬು ಅಡ್ಡ ಬಂತು. ಎತ್ತಿ ಚೀಲಕ್ಕೆ ಹಾಕಿಕೊಂಡರು.

"ಸಾರ್, ಬಾಗಿಲು ಮುಚ್ಚಿದ್ರೆ ತಾನೇ ಸಂದಿ ಎಲ್ಲಿದೆ ಅಂತ ಗೊತ್ತಾಗೋದು?"

"ಮುಚ್ಚಿದ ಬಾಗಿಲ ಹಿಂದೆ ತನಿಖೆ ಮಾಡಿದ್ರೆ ಜನ ಏನಂತಾರೆ? ಪಾರದರ್ಶಕತೆ ಅಂತ ಒಂದಿದೆ. ಮನೆಯವರು ಓಡಾಡೋ ಬಾಗಿಲು ತನಿಖೆ ಮುಗಿಯೋ ತನಕ ತೆರೆದಿರತಕ್ಕದ್ದು."

"ಆ ದಿಂಬು?"

"ಅದು ಸಾಕ್ಷ್ಯ ಮುಚ್ಚಿಡೋ ಪ್ರಯತ್ನ. ನೀವಾಗೇ ಕರೆದಿದ್ದೀರಿ ಅಂತ ಸುಮ್ಮನೆ ಬಿಟ್ಟಿದ್ದೀನಿ."

ಯಂತ್ರ ಎತ್ತಿ ಹಿಡಿದರು. ಬೀದಿಯ ಚಳಿಯೆಲ್ಲ ಒಳಗೆ ನುಗ್ಗುತ್ತಿತ್ತು. ಪರದೆ ನೀಲಿಯೋ ನೀಲಿ. ಇಷ್ಟು ದೊಡ್ಡ ಸಂದಿಯನ್ನು ಪರಿವೀಕ್ಷಕರು ತಮ್ಮ ಸೇವಾವಧಿಯಲ್ಲೇ ಕಂಡಿರಲಿಲ್ಲ. "ಆಳು ನುಗ್ಗೋವಷ್ಟು ಸಂದಿ ಇಟ್ಕೊಂಡು ಇಷ್ಟು ದಿನ ಹೇಗ್ರೀ ಬದುಕಿದ್ರಿ?" ಎಂದು ನಿಜವಾದ ಕನಿಕರದಿಂದ ಕೇಳಿದರು.

ಸಂಜೆಯೊಳಗೆ ಇಲಾಖೆಯ ಗಾರೆಯವರು ಬಂದು ಮುಂಬಾಗಿಲಿಗೆ ಇಟ್ಟಿಗೆ ಕಟ್ಟಿ ಹೋದರು. ಮನೆಯವರು ಕಿಟಕಿ ಹತ್ತಿ ಇಳಿದು ಓಡಾಡತೊಡಗಿದರು. ಮರುತನಿಖೆಗೆ ಪರಿವೀಕ್ಷಕರೂ ಕಿಟಕಿಯಿಂದಲೇ ಬಂದರು. ಮನೆಯವರು ಯಾವುದರಲ್ಲಿ ಓಡಾಡುತ್ತಾರೋ ಅದೇ ಬಾಗಿಲು ಎಂದು ನಿಯಮದಲ್ಲಿ ಸ್ಪಷ್ಟವಾಗಿದ್ದುದರಿಂದ ಕಿಟಕಿಯನ್ನು ತೆರೆದಿಟ್ಟೇ ತನಿಖೆ ನಡೆಯಿತು. ಪರದೆ ಮತ್ತೆ ನೀಲಿ. ಕಿಟಕಿಗೂ ಇಟ್ಟಿಗೆ ಬಿತ್ತು. ಹಿತ್ತಲ ಬಾಗಿಲಿಗೂ ಅದೇ ಗತಿಯಾಯಿತು.

"ಇಲಿ ಬಂತು ಅಂತ ಮನೆಗೆ ಬೆಂಕಿ ಇಟ್ಟ ಹಾಗಾಯ್ತಲ್ರೀ," ಎಂದಳು ಹೆಂಡತಿ, ಹಗಲಲ್ಲೇ ದೀಪದ ಸ್ವಿಚ್ಚಿಗೆ ತಡಕಾಡುತ್ತಾ.

"ತಾಳಿದವನು ಬಾಳಿಯಾನು ಕಣೇ," ಎಂದು ದರ್ಜಿ ಎಡಗಡೆಯ ಗೋಡೆಗೆ ಹೇಳಿದ. ಹೆಂಡತಿ ನಿಂತಿದ್ದುದು ಬಲಗಡೆ.

ಇನ್ನು ಉಳಿದದ್ದು ಸೂರು. ಅದರಲ್ಲಿ ಒಬ್ಬರು ಇಳಿಯುವಷ್ಟು ಕಿಂಡಿ ತೆಗೆಸಿಕೊಳ್ಳಿ ಎಂದು ಇಲಾಖೆಯೇ ಸಲಹೆ ಕೊಟ್ಟಿತು. ಹತ್ತಿ ಇಳಿಯಲು ಏಣಿ ಬೇಕು, ಅದೂ ಇಲಾಖೆಯ ಮುದ್ರೆ ಇರುವ ಏಣಿ. ಅಂಥ ಏಣಿ ಸಿಗುತ್ತಿದ್ದುದು ಒಂದೇ ಅಂಗಡಿಯಲ್ಲಿ, ಅದು ಪರಿವೀಕ್ಷಕರ ಭಾವಮೈದುನನದು. ಕೆಲವರು ಮೂಗು ಮುರಿದರು. ಆದರೆ ಏಣಿ ಮಾರುವವನಿಗೆ ಅಕ್ಕ ಇರಕೂಡದು ಎಂದು ಎಲ್ಲಾದರೂ ಬರೆದಿದೆಯೇ?

ಕೊನೆಯ ತನಿಖೆಗೆ ಪರಿವೀಕ್ಷಕರು ಸೂರಿನಿಂದ ಇಳಿದು ಬಂದರು. ನಿಯಮದಂತೆ ಕಿಂಡಿ ತೆರೆದೇ ಇತ್ತು. ಚಳಿಗಾಳಿ ನೇರವಾಗಿ ಕಟಿಂಗ್ ಟೇಬಲ್ ಮೇಲೆ ಸುರಿಯುತ್ತಿತ್ತು. ದರ್ಜಿ ಕಿಂಡಿಯ ಕಡೆ ಕೈ ತೋರಿಸಿದ.

"ಸಾರ್, ಮೇಲಿಂದ..."

"ಮೇಲೆ ನೋಡೋ ಹಾಗಿಲ್ಲ. ಸೂರು ಮಳೆ ಇಲಾಖೆಗೆ ಸೇರಿದ್ದು. ಅಲ್ಲಿಂದ ನೀರು ಬಿದ್ರೆ ಅವರು ನೋಡ್ಕೋತಾರೆ. ಗಾಳಿ ಬಿದ್ರೆ ಅದು ಯಾರಿಗೂ ಸೇರಿದ್ದಲ್ಲ."

ಯಂತ್ರವನ್ನು ಎದೆಮಟ್ಟದಲ್ಲಿ ಹಿಡಿದು ಗೋಡೆಗಳನ್ನೆಲ್ಲ ನೋಡಿದರು. ಎಲ್ಲೂ ನೀಲಿ ಇಲ್ಲ. ಆದರೆ ಮನೆಯಲ್ಲಿ ಸಂದಿಗಾಳಿ ಇಲ್ಲವೆಂದು ಇಲಾಖೆ ಕೊಡುವ ಪ್ರಮಾಣಪತ್ರಕ್ಕೆ ಸ್ವಲ್ಪವಾದರೂ ಕೆಂಪು ಬೇಕಿತ್ತು, ಅದೂ ಇಲ್ಲ. ಹುಡುಕುತ್ತಾ ಒಳಕೋಣೆಗೆ ಬಂದರೆ ಪರದೆ ಒಮ್ಮೆಲೇ ಕೆಂಪಗಾಯಿತು. ಮಂಚದ ಮೇಲೆ ಕಂಬಳಿ ಹೊದ್ದು ಅತ್ತೆ ಕೂತಿದ್ದರು.

"ನನಗೇ ಪಿಸ್ತೂಲು ತೋರಿಸ್ತೀಯೇನಯ್ಯಾ?"

ಕೆಂಪು ಇನ್ನಷ್ಟು ಏರಿತು. "ಅಮ್ಮಾ, ದಯವಿಟ್ಟು ಇನ್ನೊಂದು ಸಲ ಬೈಯಿರಿ," ಎಂದು ಪರಿವೀಕ್ಷಕರು ವಿನಯದಿಂದ ಕೇಳಿಕೊಂಡರು. ಅತ್ತೆ ಬೈದರು, ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಬೈದರು. ಇಡೀ ಪರದೆ ಕೆಂಡವಾಯಿತು. ಪ್ರಮಾಣಪತ್ರ ಸ್ಥಳದಲ್ಲೇ ಸಿದ್ಧವಾಯಿತು. ಪರಿವೀಕ್ಷಕರು ಗಟ್ಟಿಯಾಗಿ ಓದಿದರು:

"ಸದರಿ ಮನೆಯು ಸಂದಿಗಾಳಿಯಿಂದ ಸಂಪೂರ್ಣ ಮುಕ್ತವಾಗಿದ್ದು, ಇಲ್ಲಿ ಯಾರಿಗೂ ಚಳಿಯಾಗತಕ್ಕದ್ದಲ್ಲ. ಒಳಕೋಣೆಯ ಮಂಚದ ಮೇಲೆ ಅಳವಡಿಸಲಾಗಿರುವ ಅತ್ತೆಯವರು ಈ ಮನೆಯ ಅಧಿಕೃತ ಶಾಖಮೂಲವಾಗಿರುತ್ತಾರೆ. ಇವರನ್ನು ಸದರಿ ಮಂಚದಿಂದ ಕದಲಿಸಿದಲ್ಲಿ ಪ್ರಮಾಣಪತ್ರವು ರದ್ದಾಗುವುದು."

ದರ್ಜಿ ಕೈ ಮುಗಿದ. "ಸಾರ್, ನಾಲ್ಕು ದಿನಕ್ಕೆ ಅಂತ ಬಂದವರು. ಊರಿಗೆ ಹೋಗ್ಬೇಕು ಅವರು."

"ಧಾರಾಳವಾಗಿ ಹೋಗ್ಲಿ. ಮತ್ತೆ ಮೊದಲಿಂದ ತನಿಖೆ ಮಾಡೋಣ. ಇಟ್ಟಿಗೆ ಒಡೆದು ಮುಂಬಾಗಿಲು ತೆಗೆಸಿಡಿ; ಬಾಗಿಲಿಲ್ಲದೆ ಶುರು ಮಾಡೋಕಾಗಲ್ಲ."

"ಬೇಡಪ್ಪಾ," ಎಂದರು ಅತ್ತೆ, ಕಂಬಳಿ ಸರಿಮಾಡಿಕೊಳ್ಳುತ್ತಾ. "ಸರ್ಕಾರ ಇಷ್ಟು ಮರ್ಯಾದೆ ಕೊಟ್ಟಿರುವಾಗ ಎದ್ದು ಹೋಗೋಕಾಗುತ್ತಾ? ಅಲ್ಲದೆ ಈ ಮಂಡಿ ಇಟ್ಕೊಂಡು ಏಣಿ ಹತ್ತೋರು ಯಾರು?"

ಗಾಳಿ ಗುದ್ದಿ ಮೈ ನೋಯಿಸಿಕೊಂಡ ಎನ್ನುತ್ತಾರಲ್ಲ, ದರ್ಜಿಯ ಪಾಡು ಅದೇ ಆಯಿತು. ಅವನಿಗೆ ಅಳುವೇ ಬಂತು. ಆನಂದಬಾಷ್ಪ ಎಂದು ಪರಿವೀಕ್ಷಕರು ಬೆನ್ನು ತಟ್ಟಿ, ಏಣಿ ಹತ್ತಿ ಹೋದರು.

ಬೀದಿಯ ಮೊದಲ ಪ್ರಮಾಣಪತ್ರ ಅದು. ನೋಡಿ ಹೋದವರೆಲ್ಲ ತಮ್ಮ ಮನೆಗಳಿಗೂ ಇಟ್ಟಿಗೆ ಕಟ್ಟಿಸಿಕೊಂಡು, ಹೆಂಡತಿಯ ತವರಿಗೆ ಓಡಿಹೋಗಿ ಅತ್ತೆಯರನ್ನು ಕರೆತಂದರು. ಅತ್ತೆ ಇಲ್ಲದವರು ಪಕ್ಕದ ಬೀದಿಯಿಂದ ಎರವಲು ತಂದರು. ಏಣಿಯಂಗಡಿಯವನು ಮಹಡಿ ಕಟ್ಟಿಸಿದ.

ಮೊನ್ನೆ ಒಬ್ಬ ಗಿರಾಕಿ ಕೋಟು ಹೊಲಿಸಲೆಂದು ಕಿಂಡಿಯಿಂದ ಇಳಿದು ಬಂದ. ಹಲ್ಲು ಕಟಕಟ ಎನ್ನುತ್ತಿತ್ತು. ಕಟಿಂಗ್ ಟೇಬಲ್ ಮೇಲೆ ಸುತ್ತಿಟ್ಟ ಹಾಸಿಗೆ ಕಂಡು, "ನೀವು ಇಲ್ಲೇನಾ ಮಲಗೋದು, ಈ ಕಿಂಡಿ ಕೆಳಗೆ? ಚಳಿ ಆಗಲ್ವಾ?" ಎಂದ.

ದರ್ಜಿ ಗೋಡೆಯ ಮೇಲಿನ ಪ್ರಮಾಣಪತ್ರದ ಕಡೆ ಕೈ ತೋರಿಸಿ, "ಆಗೋ ಹಾಗಿಲ್ಲ," ಎಂದ.

ಗಿರಾಕಿ ಹತ್ತಿರ ಹೋಗಿ ಪೂರ್ತಿ ಓದಿದ. ಓದಿ, ತಪ್ಪು ತಿಳಿದುಕೊಂಡದ್ದಕ್ಕೆ ಕ್ಷಮೆ ಕೇಳಿ, ಮೈಮೇಲಿದ್ದ ಸ್ವೆಟರು ಬಿಚ್ಚಿಟ್ಟು ಅಳತೆಗೆ ನಿಂತ.