ನಮ್ಮ ಟೆಂಟಿನ ಸೇನಾಪತಿ

"ಹೆಣ್ಮಗಳ ಕೈಲಿ ಟೆಂಟ್ ಸಿನಿಮಾ ನಡಿಯಂಗಿಲ್ಲ. ಒಂದು ಗಾಳಿ ಬಂದ್ರ ಕಂಬ ಹಿಡ್ಕೊಂಡು ಅಳ್ತಾಳ" ಅಂದಿದ್ದ ನನ್ನ ಸೋದರಮಾವ. ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವಳು ನಾನು. ಪೋಸ್ಟರ್ ನೋಡಿ ಓದಲು ಕಲಿತೆ, ಮಾಲೀಕರು ಸಾಕೆಂದಾಗ ಟೆಂಟನ್ನೇ ಕೊಂಡೆ. ಗಾಳಿ ಬಹಳ ಸಲ ಬಂತು, ಅಳಲಿಲ್ಲ. ಅಳಲು ಪುರುಸೊತ್ತೆಲ್ಲಿ? ತೆರೆಯ ಮೇಲಿನದಕ್ಕಿಂತ ತೆರೆಯ ಸುತ್ತ ನಡೆಯುವುದೇ ಹೆಚ್ಚು ನಗಿಸುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಕಂಪ್ಲಿಯ ಒಬ್ಬ ನಟರದು.

೧

ಅವರು ಮದರಾಸಿಗೆ ಹೋಗಿ ಕಪ್ಪುಬಿಳುಪು ಚಿತ್ರಗಳಲ್ಲಿ ಸೇನಾಪತಿಯಾಗುತ್ತಿದ್ದರು. ಕತ್ತಿ ಬೀಸುವುದು, ಬಾಣ ತಾಗಿ ಸಾಯುವುದು, ಅಷ್ಟೇ ಪಾತ್ರ. ಮೊದಲ ಚಿತ್ರ ಕಂಪ್ಲಿಗೆ ಬಂದಾಗ ನಾನಿನ್ನೂ ಗೇಟಿನಲ್ಲಿದ್ದೆ. ಅವರ ತಾಯಿ ನಾಲ್ಕು ದಿನ ತಪ್ಪದೆ ಬಂದರು. ಐದನೆಯ ದಿನ ಆಪರೇಟರನ ಬಳಿ ಹೋಗಿ, "ತಮ್ಮಾ, ದಿನಾ ಸಾಯಿಸ್ತಿ. ಇವತ್ತು ಅಮಾಸಿ, ಇದೊಂದಿನ ಬಿಟ್ಟುಬಿಡಪ್ಪಾ" ಅಂದರು. ಅವನು ಬಾಣ ಬರುವ ಮೊದಲೇ ರೀಲು ಹಾರಿಸಿದ. ಅಂದು ಯುದ್ಧ ಯಾರು ಗೆದ್ದರೆಂದು ಇಡೀ ಕಂಪ್ಲಿಗೇ ತಿಳಿಯಲಿಲ್ಲ.

೨

ಬಣ್ಣದ ಚಿತ್ರ ಬಂದ ಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಊರಿಗೆ ಮರಳಿ ನನ್ನಲ್ಲಿ ಪ್ರಚಾರದ ಕೆಲಸಕ್ಕೆ ಸೇರಿದರು. ಸಂಡೂರಿನಲ್ಲಿ ಜಟಕಾ ಹತ್ತಿ, ಮೈಕು ಹಿಡಿದು, ತಮ್ಮದೇ ಚಿತ್ರದ ಹೆಸರು ಕೂಗಿದರು. ಗುರುತು ಸಿಗಲೆಂದು ಮೀಸೆಯನ್ನೂ ತಿರುವಿದ್ದರು. ಚಹಾದಂಗಡಿಯ ಅಜ್ಜನೊಬ್ಬ ಜಟಕಾ ನಿಲ್ಲಿಸಿ ಮುಖವನ್ನೇ ನೋಡಿದ. ಇವರು ಎದೆ ಉಬ್ಬಿಸಿದರು.

"ದನಿ ಭಾಳ ಚಲೋ ಐತಿ. ನೀವು ಸಿನಿಮಾಕ್ಕ ಹೋಗಬೇಕಿತ್ರಿ" ಅಂದ.

೩

ಆಮೇಲೆ ಅವರು ಮಂಕಾದರು. "ಸಾಯೋದ್ರೊಳಗ ಒಂದು ಊರಾದ್ರೂ ನನ್ನ ಗುರುತು ಹಿಡೀಬೇಕು ಅಕ್ಕಾರ" ಅನ್ನುತ್ತಿದ್ದರು. ನನಗೆ ಹಟ ಹತ್ತಿತು. ಪಾಪಿನಾಯಕನಹಳ್ಳಿಯಲ್ಲಿ ಅದೇ ಚಿತ್ರ ಮೂರು ದಿನ ಹಾಕಿ, ನಾಲ್ಕನೆಯ ದಿನ ಸನ್ಮಾನವಿಟ್ಟು, ಕತ್ತಿ ಕೊಟ್ಟು ತೆರೆಯ ಮುಂದೆ ನಿಲ್ಲಿಸಿದೆ. ಅವರು ಠೀವಿಯಿಂದ ಕತ್ತಿ ಬೀಸಿದರು. ಚಪ್ಪಾಳೆಯೇ ಇಲ್ಲ. ಹಿರಿಯರೊಬ್ಬರು ಎದ್ದರು.

"ಯಕ್ಕಾ, ಯಾರನ್ನ ಕರ್ಕೊಂಡು ಬಂದೀರಿ? ಸೇನಾಪತಿ ಎಡಚ ಅದಾನ. ಮೂರು ದಿನ ಕಣ್ಣಾರೆ ನೋಡೀವಿ."

ತಪ್ಪು ನನ್ನದೇ. ಜಾಗ ಸಾಲದೆ ಆ ಮೂರು ದಿನ ಅರ್ಧ ಊರನ್ನು ಅರ್ಧ ಟಿಕೆಟ್ಟಿಗೆ ತೆರೆಯ ಹಿಂದೆ ಕೂರಿಸಿದ್ದೆ; ಸನ್ಮಾನಕ್ಕಷ್ಟೇ ಎಲ್ಲರೂ ಮುಂದೆ ಬಂದಿದ್ದರು. ಅಲ್ಲಿಂದ ನೋಡಿದರೆ ಬಲಗೈ ಎಡಗೈಯಾಗಿ ಕಾಣುತ್ತದೆ. ಮುಂದೆ ಕೂತಿದ್ದವರು ಬಲಗೈ ಅಂದರು, ಹಿಂದೆ ಕೂತಿದ್ದವರು ಎಡಗೈ ಅಂದರು, ತೋಳು ಏರಿಸಿದರು. ನಟರು ಒಂದು ಗಳಿಗೆ ಯೋಚಿಸಿ ಕತ್ತಿಯನ್ನು ಎಡಗೈಗೆ ತೆಗೆದುಕೊಂಡು ಬೀಸಿದರು. ರೂಢಿಯಿಲ್ಲದ ಕೈ; ಕತ್ತಿ ಹಾರಿ ತೆರೆಯನ್ನು ಮೇಲಿಂದ ಕೆಳಗೆ ಸೀಳಿತು. "ಇವನೇ! ಇವನೇ ಸೇನಾಪತಿ!" ಎಂದು ಎರಡೂ ಕಡೆಯವರು ಸೀಟಿ ಹೊಡೆದು ಅವರನ್ನು ಹೆಗಲ ಮೇಲೆ ಹೊತ್ತರು.

ಈಗ ಟೆಂಟಿಲ್ಲ, ಅವರೂ ಇಲ್ಲ. ಹೊಸಪೇಟೆಯಲ್ಲಿ ನನ್ನ ಹೆಸರಿನದೊಂದು ಕಲ್ಯಾಣಮಂಟಪವಿದೆ, ಟ್ರಂಕಿನಲ್ಲಿ ಆ ಸೀಳಿದ ತೆರೆಯಿದೆ. ಮರುದಿನದ ಆಟಕ್ಕೆ ಹೊಸ ತೆರೆ ತರಲು ಹೋದದ್ದು ನನ್ನ ಎರಡು ಬಂಗಾರದ ಬಳೆ.