ದೌಲತರಾಯರ ತರ್ಜುಮೆ

"ಇವತ್ತಿನಿಂದ ಈ ಓಣ್ಯಾಗ ಯಾರೂ ಸಿನಿಮಾ ಸುಮ್ಕ ನೋಡಂಗಿಲ್ಲ. ತಿಳಕೊಂಡು ನೋಡಬೇಕು. ತಿಳಿಸೋ ಜವಾಬ್ದಾರಿ ನಂದು!"

ಹೀಗೆಂದು ಘೋಷಿಸಿದವರು ಆಳಂದದ ದೌಲತರಾಯರು. ಘೋಷಿಸಿದ್ದು ಸಾವಿರದ ಒಂಬೈನೂರ ಎಂಬತ್ತೇಳರ ಒಂದು ರವಿವಾರ ಮಧ್ಯಾಹ್ನ, ತಮ್ಮ ನಡುಮನೆಯಲ್ಲಿ, ಓಣಿಗೇ ಮೊದಲನೆಯದಾದ ಕಪ್ಪು-ಬಿಳುಪು ಟಿ.ವಿ.ಯ ತಲೆ ಸವರುತ್ತ. ಎದುರಿಗೆ ಚಾಪೆಯ ಮೇಲೆ ಹೆಂಡತಿ ಗೌರಾಬಾಯಿ, ಕಿರಾಣಿ ಅಂಗಡಿ ದತ್ತಪ್ಪ, ಎದುರು ಮನೆಯ ಖುರ್ಷಿದ ಟೀಚರ್, ಮತ್ತೆ ಓಣಿಯ ಅರ್ಧ ಜನ. ಕಂಬಕ್ಕೆ ಒರಗಿ ಕುಳಿತವಳು ರಾಯರ ಅಕ್ಕ ಗುರುಶಾಂತಮ್ಮ.

ರಾಯರು ಊರಿನ ಒಬ್ಬ ವಕೀಲರ ಬಳಿ ಟೈಪಿಸ್ಟ್. ಅರ್ಜಿ, ನೋಟೀಸು, ಕೈಫಿಯತ್ತು ಎಲ್ಲವೂ ಅವರ ಬೆರಳಿನಿಂದಲೇ ಇಂಗ್ಲೀಷಾಗಿ ಹೊರಗೆ ಬರಬೇಕು. ಆ ಬೆರಳುಗಳ ಓಟ ನೋಡಿದ ಹಳ್ಳಿಯ ಕಕ್ಷಿದಾರರು, ಈ ಮನುಷ್ಯ ಕನಸನ್ನೂ ಇಂಗ್ಲೀಷಿನಲ್ಲೇ ಕಾಣುತ್ತಾನೆ ಎಂದು ನಂಬಿದ್ದರು. ಸತ್ಯವೆಂದರೆ ಅಕ್ಷರ ರಾಯರದು, ಅರ್ಥ ವಕೀಲರದು! ಇದು ರಾಯರಿಗೆ ಗೊತ್ತಿತ್ತು, ವಕೀಲರಿಗೂ ಗೊತ್ತಿತ್ತು. ಇಬ್ಬರೂ ಮರ್ಯಾದಸ್ಥರು, ಮಾತನ್ನು ಹೊರಗೆ ಬಿಟ್ಟಿರಲಿಲ್ಲ.

ರವಿವಾರ ಸಂಜೆ ಬರುವ ಹಿಂದಿ ಸಿನಿಮಾಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ನಿಜಾಮನ ಕಾಲದಿಂದಲೂ ಉರ್ದುವಿನಲ್ಲೇ ಚೌಕಾಸಿ ಮಾಡಿದ ಊರು ಅದು. ಹೀರೋ ಬಾಯಿ ತೆರೆಯುವುದರೊಳಗೆ ದತ್ತಪ್ಪ ಮುಂದಿನ ಡೈಲಾಗು ಹೇಳಿ ಮುಗಿಸಿರುತ್ತಿದ್ದ. ಟಿ.ವಿ. ತಂದ ಯಜಮಾನನಿಗೇ ತನ್ನ ಮನೆಯಲ್ಲಿ ಮಾತಾಡಲು ಸಂದಿಲ್ಲ! ಆದರೆ ಮಧ್ಯಾಹ್ನದ ಸಿನಿಮಾ ಬೇರೆ ಥರದ್ದು. ದೇಶದ ಮೂಲೆಮೂಲೆಯಿಂದ ಪ್ರಶಸ್ತಿ ಗೆದ್ದ ಚಿತ್ರಗಳು. ಒಂದು ವಾರ ಬಂಗಾಲಿ, ಇನ್ನೊಂದು ವಾರ ಮಲಯಾಳಂ. ಕಥೆ ಆಮೆಯ ಹಾಗೆ ನಡೆಯುತ್ತಿತ್ತು; ಕೆಳಗಿನ ಇಂಗ್ಲೀಷ್ ಅಕ್ಷರ ಮಾತ್ರ ಮೊಲದ ಹಾಗೆ ಓಡುತ್ತಿತ್ತು. ರಾಯರು ಆ ಮೊಲದ ಬಾಲ ಹಿಡಿದರು.

ಬಾಲ ಹಿಡಿದರೇ ಹೊರತು ಮೊಲ ಸಿಗಲಿಲ್ಲ. ರಾಯರು ಚಾಳೀಸಿನ ಕನ್ನಡಕ ಮೂಗಿಗೆ ಏರಿಸಿಕೊಳ್ಳುವಷ್ಟರಲ್ಲಿ ಸಾಲು ಮಾಯ. ಸಿಕ್ಕ ಒಂದೆರಡು ಶಬ್ದಕ್ಕೆ ಉಳಿದದ್ದನ್ನು ಅವರೇ ಹೊಲಿಯುತ್ತಿದ್ದರು. ಹೊಲಿಯಲು ದಾರ ಎಲ್ಲಿಂದ ಬರಬೇಕು? ವಕೀಲರ ಕಚೇರಿಯಿಂದ! ಹಾಗಾಗಿ ಯಾವ ಭಾಷೆಯ ಸಿನಿಮಾ ಬಂದರೂ ರಾಯರ ಬಾಯಲ್ಲಿ ಅದು ಪಾಲಿನ ದಾವೆಯಾಗುತ್ತಿತ್ತು. ಒಬ್ಬ ಅಂಬಿಗ ಹೊಳೆ ದಂಡೆಯಲ್ಲಿ ದೋಣಿಯ ಪಕ್ಕ ಕುಳಿತು ಅತ್ತರೆ, "ಆ ನಾವಿ ಅಣ್ಣ-ತಮ್ಮರ ಸಾಮಾಯಿಕ ಆಸ್ತಿ" ಎಂದರು. ಮುದಿ ಸಂಗೀತಗಾರ ಕಣ್ಣು ಮುಚ್ಚಿದರೆ, "ತಂಬೂರಿ ಯಾರ ಪಾಲಿಗಿ ಹೋಗಬೇಕಂತ ಚಿಂತಿ ಅವಗ" ಎಂದರು.

"ಇಡೀ ದೇಶಕ್ಕ ದೇಶಾನೇ ಪಾಲಿನ ಜಗಳದಾಗ ಬಿದ್ದದ ನೋಡ್ರಿ!" ಎಂದು ದತ್ತಪ್ಪ ಮರುಗಿದ.

ಸಿನಿಮಾ ಮುಗಿದ ಮೇಲೆ ಅಭಿಪ್ರಾಯದ ಸರದಿ. ದತ್ತಪ್ಪನದು ಪ್ರತಿ ವಾರವೂ ಒಂದೇ: "ಒಂದು ಫೈಟಿಂಗ್ ಇಲ್ಲ, ಒಂದು ಹಾಡಿಲ್ಲ. ಪ್ರಶಸ್ತಿ ಮಾಡಿದವರಿಗಲ್ರಿ, ನೋಡಿದವರಿಗೆ ಕೊಡಬೇಕಿತ್ತು!" ಗೌರಾಬಾಯಿಯದು ಇನ್ನೊಂದು: "ಕತಿ ಹಾಂಗಿರ್ಲಿ, ಆಕಿ ಕೊಡಾ ಎಷ್ಟು ಚಂದ ಬೆಳಗ್ಯಾಳ ನೋಡ್ರಿ." ಖುರ್ಷಿದ ಟೀಚರ್ ಹೈಸ್ಕೂಲಿನಲ್ಲಿ ಇಂಗ್ಲೀಷನ್ನೇ ಕಲಿಸುವವರು. ಆದರೆ ಸೆರಗು ತುಟಿಗೆ ಹಿಡಿದು "ಅಚ್ಛಾ ಅದ" ಎಂದಷ್ಟೇ ಹೇಳಿ ಏಳುತ್ತಿದ್ದರು. ಯಾರ ಮನೆಯ ಟಿ.ವಿ.ಯೋ ಅವರದೇ ಅರ್ಥ ಎಂಬುದು ಅವರ ಸಭ್ಯತೆ. ಗುರುಶಾಂತಮ್ಮ ಮಾತ್ರ ಅಕ್ಷರದ ಕಡೆ ನೋಡದೆ, ತಮ್ಮನ ಕಡೆಯೂ ನೋಡದೆ, ಬರೀ ಮುಖಗಳನ್ನು ನೋಡುತ್ತಿದ್ದಳು. "ಆ ಮುದುಕ ಮಗನ ಮುಂದ ನಗ್ತಾನ. ಖರೆ ಎರಡ ದಿನದಿಂದ ಉಂಡಿಲ್ಲ ಅಂವಾ" ಎಂದು ಒಂದು ಮಾತು ಹೇಳಿ ರೊಟ್ಟಿ ಬಡಿಯಲು ಎದ್ದು ಹೋಗುತ್ತಿದ್ದಳು. ಎಲ್ಲರ ಮೇಲೆ ಕೊನೆಯ ಫೈಸಲಾ ರಾಯರದು.

ಗುರುಶಾಂತಮ್ಮನನ್ನು ಮಟಕಿ ಎಂಬ ಹಳ್ಳಿಗೆ ಕೊಟ್ಟಿದ್ದರು. ಕೊಟ್ಟ ಎರಡು ವರ್ಷಕ್ಕೇ ಗಂಡ ತೀರಿಕೊಂಡ. ತವರಿಗೆ ಬಂದಾಗ ಇಲ್ಲಿ ತಾಯಿ ಇರಲಿಲ್ಲ, ಮೂಗು ಸೋರಿಸುವ ತಮ್ಮನಿದ್ದ. ಆ ಮೂಗು ಒರೆಸಿ, ಶಾಲೆಗೆ ಕಳಿಸಿ, ಟೈಪಿಂಗ್ ಕಲಿಸಿ, ಗೌರಾಬಾಯಿಯನ್ನು ತಾನೇ ನೋಡಿ ತಂದುಕೊಂಡವಳು ಅವಳು.

ಹೀಗೆ ಕೆಲವು ವಾರ ಕಳೆದ ಮೇಲೆ ಬಂದ ಒಂದು ರವಿವಾರದ ಸಿನಿಮಾದಲ್ಲಿ ಒಂದು ಹಳೆಯ ಮನೆ, ಒಂದು ಬಾವಿ, ನರೆಗೂದಲ ಒಬ್ಬ ಹೆಂಗಸು, ಆಕೆಯ ತಮ್ಮ. ಬಹಳ ಹೊತ್ತು ಆಕೆ ನೀರು ಸೇದಿದಳು. ಬಾವಿಯ ಗಾಲಿ ಕಿರುಗುಟ್ಟಿತು. ಕೊನೆಗೆ ತಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಿದ. ಅಕ್ಕ ಸಣ್ಣ ಗಂಟು ಹಿಡಿದು ಹೊಸ್ತಿಲು ದಾಟಿದಳು.

"ಏನಂದನೋ ತಮ್ಮಾ ಅಂವಾ?"

ಕೇಳಿದವಳು ಗುರುಶಾಂತಮ್ಮ! ಇಷ್ಟು ವಾರದಲ್ಲಿ ಒಮ್ಮೆಯೂ ಅರ್ಥ ಕೇಳದವಳು. ರಾಯರಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಓಡಿಹೋದ ಸಾಲಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು 'ಸಿಸ್ಟರ್', 'ಹೌಸ್', 'ಹೌ ಲಾಂಗ್'. ಸಾಕಲ್ಲ!

"ಅಂವಾ ಅಂದ, 'ಎಷ್ಟು ದಿನಾಂತ ಈ ಮನ್ಯಾಗ ಇರ್ತಿ? ನಂಗೂ ಸಂಸಾರ ಅದ' ಅಂತ." ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದರು. ಫೈಸಲಾ ಕೊಡದೆ ಇರಲಾಗಲಿಲ್ಲ: "ಮಾತು ಕಹಿ, ಖರೆ ಕಾಯ್ದೆ ಪ್ರಕಾರ ಬರೋಬ್ಬರಿ! ಕೊಟ್ಟ ಹೆಣ್ಣಿಗೆ ಕೊಟ್ಟ ಮನಿ."

ಖುರ್ಷಿದ ಟೀಚರ್ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಗೌರಾಬಾಯಿ ಗಂಡನನ್ನು ಸುಡುವ ಹಾಗೆ ನೋಡಿದಳು. ರಾಯರಿಗೆ ಎರಡೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದರೆ, ಅಲ್ಲಿ ಅಕ್ಕನ ತಗಡಿನ ಟ್ರಂಕು. ಪಕ್ಕದಲ್ಲಿ ಅಕ್ಕ.

"ಎಲ್ಲಿಗಿ ಅಕ್ಕಾ?"

"ಮಟಕಿಗಿ. ಈಗಿನ ಬಸ್ಸಿಗಿ."

"ಯಾಕ?"

"ಸುಮ್ಕ."

"ಸುಮ್ಕ ಏನಲ್ರಿ!" ಅಡುಗೆಮನೆಯಿಂದ ಗೌರಾಬಾಯಿಯ ದನಿ ಸೌಟಿನ ಸಮೇತ ಹೊರಗೆ ಬಂತು. "ನಿನ್ನಿ ನೀವು ಕೊಟ್ಟ ಫೈಸಲಾ! ಅದ ಕೇಳಿ ಹೊಂಟಾಳ!"

"ಅದು ಪಿಚ್ಚರಬೇ!"

"ಪಿಚ್ಚರ್ ಟಿ.ವಿ. ಒಳಗಿತ್ತು. ಫೈಸಲಾ ಹೊರಗಿತ್ತು!"

ಅಷ್ಟರಲ್ಲಿ ಟ್ರಂಕು ಕಂಡ ದತ್ತಪ್ಪ ಅಂಗಡಿ ಬಿಟ್ಟು ಓಡಿಬಂದ. "ರಾಯರ, ಅಕ್ಕಗ ನೋಟೀಸ ಕೊಟ್ರಂತ? ಓಣಿ ತುಂಬಾ ಅದೇ ಮಾತು. ಆಕಿನೂ ಪಾಲಿನ ದಾವೆ ಹಾಕ್ತಾಳಂತಲ್ರಿ!"

ರಾಯರ ಮುಂದೆ ಎರಡೇ ದಾರಿ ಉಳಿದವು. ಒಂದು ಕಡೆ ಇಡೀ ತಾಲೂಕು ನಂಬಿದ ಇಂಗ್ಲೀಷು, ಇನ್ನೊಂದು ಕಡೆ ಅಕ್ಕ. ಅವರು ಉಗುಳು ನುಂಗಿದರು. ಅದರ ಜೊತೆಗೆ ಇಂಗ್ಲೀಷನ್ನೂ ನುಂಗಿದರು.

"ಅಕ್ಕಾ, ಆ ಅಕ್ಷರ ನನಗ ಓದಾಕ ಬರಂಗಿಲ್ಲ! ಅವು ನಿಲ್ಲಂಗಿಲ್ಲ. ನಿಂತ್ರೂ ತಿಳಿಯಂಗಿಲ್ಲ. ನಾ ಹೇಳಿದ್ದೆಲ್ಲ ಸುಳ್ಳು, ಎಲ್ಲಾ ಕಟ್ಟಿ ಹೇಳಿದ್ದು!"

"ಹಾಂ?" ದತ್ತಪ್ಪನ ಬಾಯಿ ತೆರೆದೇ ಉಳಿಯಿತು. "ಮತ್ತ ಆ ನಾವಿ ಸಾಮಾಯಿಕ ಆಸ್ತಿ ಅಲ್ಲೇನ್ರಿ?"

ಗುರುಶಾಂತಮ್ಮ ಮಾತ್ರ ಚೂರೂ ಬೆರಗಾಗಲಿಲ್ಲ. "ನನಗ ಗೊತ್ತದೋ. ನೀ ಚಾಳೀಸ ಏರಿಸೋದ್ರಾಗ ಅಕ್ಷರ ಹೋಗೇ ಬಿಡ್ತಾವ."

"ಗೊತ್ತಿದ್ದೂ ಹೊಂಟಿ?"

"ಗೊತ್ತಿದ್ದದಕ್ಕೇ ಹೊಂಟೀನಿ. ಪಿಚ್ಚರದಾಗ ಇದ್ದ ಮಾತಾದ್ರ ಅದು ಪಿಚ್ಚರದವರದು, ನನಗೇನು? ಅಲ್ಲಿ ಇರ್ಲಾರದ ಮಾತು ನಿನ್ನ ಬಾಯಾಗ ಎಲ್ಲಿಂದ ಬಂತು, ಅದನ್ನ ಹೇಳು."

ವಕೀಲರ ಬಳಿ ಅಷ್ಟು ವರ್ಷ ಕುಳಿತರೂ ರಾಯರು ಇಂಥ ಪಾಟೀಸವಾಲು ಕೇಳಿರಲಿಲ್ಲ. ಉತ್ತರವಿಲ್ಲದ ಕಕ್ಷಿದಾರ ಏನು ಮಾಡುತ್ತಾನೋ ಅದನ್ನೇ ಮಾಡಿದರು. ಸಾಕ್ಷಿ ಹುಡುಕಿಕೊಂಡು ಓಡಿದರು! ಶಾಲೆಗೆ ಹೊರಟಿದ್ದ ಖುರ್ಷಿದ ಟೀಚರರನ್ನು ಅಂಗಳದಲ್ಲೇ ತಡೆದು ಕರೆತಂದರು. ಆ ಮಾತು ಸಿನಿಮಾದಲ್ಲಿ ನಿಜಕ್ಕೂ ಇದ್ದುಬಿಟ್ಟರೆ ಸಾಕು, ತಾವು ಗೆದ್ದಂತೆ.

"ಟೀಚರ್, ನಿಮಗ ಕೈ ಮುಗಿತೇನಿ. 'ಹೌ ಲಾಂಗ್' ಇತ್ತೋ ಇಲ್ಲೋ ಹೇಳ್ರಿ!"

ಟೀಚರ್ ಟ್ರಂಕು ನೋಡಿದರು, ಗುರುಶಾಂತಮ್ಮನ ಮುಖ ನೋಡಿದರು. "ಇತ್ತು ಭಾಯಿಸಾಬ್, ಖರೆ ಅದ. ನಿನ್ನೇನೇ ಹೇಳಬೇಕಿತ್ತು ನಾನು, ಹೇಳ್ಲಿಲ್ಲ. ಅಂವಾ ಅಂತಾನ, 'ಅಕ್ಕಾ, ನೀ ಇಲ್ದ ಈ ಮನ್ಯಾಗ ನಾ ಎಷ್ಟು ದಿನ ಇರ್ಲಿ?'"

ಗೌರಾಬಾಯಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಮತ್ತ ಆಕಿ ಯಾಕ ಹೋದ್ಳು?" ಗುರುಶಾಂತಮ್ಮ ಮೆಲ್ಲಗೆ ಕೇಳಿದಳು.

"ನದಿ ನೋಡಾಕ, ಅಕ್ಕಾವ್ರೆ. ಜಲ್ಮದಾಗ ಒಮ್ಮಿಯಾದ್ರೂ ತನ್ನ ಮನಸ್ಸಿಗಿ ಬಂದಲ್ಲಿ ಹೋಗಬೇಕಂತ. ಯಾರೂ ಹೊರಗ ಹಾಕಿಲ್ಲ ಆಕಿನ್ನ."

"ಹಾಂಗನ್ನು. ಆಕಿ ಮಾರಿ ನೋಡಿದ್ರ ನನಗೂ ಹಂಗೇ ಅನಿಸಿತ್ತು" ಎಂದಳು ಗುರುಶಾಂತಮ್ಮ.

ರಾಯರು ನಿಂತಲ್ಲೇ ನಿಂತರು. ಆ ಮಾತು ಎಲ್ಲಿಂದ ಬಂತು? ಅಕ್ಕ ಹೊರಡಲಿ ಎಂದು ಅವರು ಕನಸಿನಲ್ಲೂ ಬಯಸಿದವರಲ್ಲ. ಆದರೆ ಟಿ.ವಿ. ಮನೆಗೆ ಬಂದ ದಿನ ಕರೆಂಟಿನ ಪ್ಲಗ್ಗು ಇದ್ದದ್ದು ನಡುಮನೆಯ ಒಂದೇ ಗೋಡೆಗೆ. ಆ ಗೋಡೆಗೆ ಇದ್ದದ್ದು ಅಕ್ಕನ ಮಂಚ. "ಎರಡ ದಿನದ ಮಟ್ಟಿಗಿ ಅಕ್ಕಾ" ಎಂದು ಅದನ್ನು ಜೋಳದ ಚೀಲಗಳ ಕೋಣೆಗೆ ಸರಿಸಿದ್ದರು. ಅವಳು ಏನೂ ಅಂದಿರಲಿಲ್ಲ. ಇವರು ಮರೆತಿದ್ದರು. ಮಂಚವನ್ನು ಸರಿಸಿದ ಕೈಯೇ ನಿನ್ನೆ ಬಾಯಿಗೆ ಆ ಮಾತು ಕೊಟ್ಟಿರಬಹುದೇ? ಯೋಚಿಸಿದಷ್ಟೂ ಅವರಿಗೆ ನಾಚಿಕೆಯಾಯಿತು.

ಇದನ್ನು ಬಾಯಿಬಿಟ್ಟು ಹೇಳಲು ಯಾವ ಭಾಷೆಯೂ ಒದಗಲಿಲ್ಲ. ಸೀದಾ ಒಳಗೆ ಹೋಗಿ ಮಂಚ ಎಳೆಯತೊಡಗಿದರು.

ಹೋಗುವಾಗ ಸುಸೂತ್ರ ಹೋಗಿದ್ದ ಮಂಚ ಬರುವಾಗ ಹಟ ಹಿಡಿಯಿತು. ಎರಡು ಕಾಲು ಹೊರಗೆ, ಎರಡು ಕಾಲು ಒಳಗೆ, ನಡುವೆ ಚೌಕಟ್ಟು! ರಾಯರು ಚೀಲಗಳ ಕಡೆ ಸಿಕ್ಕಿಬಿದ್ದರು. ಹೊರಗಿನಿಂದ ದತ್ತಪ್ಪ ಎಳೆದ, ಒಳಗಿನಿಂದ ರಾಯರು ನೂಕಿದರು. ಮಂಚ ಅಲ್ಲಾಡಲಿಲ್ಲ, ಜೋಳದ ಚೀಲ ಹರಿಯಿತು. ಮೊಣಕಾಲ ಮಟ್ಟ ಜೋಳದಲ್ಲಿ ನಿಂತು ರಾಯರು "ಗೌರಾ!" ಎಂದು ಕೂಗಿದರು.

"ನಾ ಒಳಗ ಹೆಂಗ ಬರ್ಲಿ? ಬಾಗಲ ತುಂಬ ಮಂಚಾನೇ ಅದ!"

ಟೀಚರ್ ಪುಸ್ತಕದ ಚೀಲ ಕೆಳಗಿಟ್ಟು ತಾವೂ ಒಂದು ಕಾಲು ಹಿಡಿದರು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಗುರುಶಾಂತಮ್ಮ ಟ್ರಂಕಿನ ಹಿಡಿಕೆಗೆ ಕೈ ಹಾಕಿದಳು, ಒಮ್ಮೆ ಒಳಗೆ ನೋಡಿದಳು, ತಡೆಯಲಾಗಲಿಲ್ಲ.

"ಏ ಕೋಣಾ! ಓರಿ ಮಾಡೋ! ತಲಿ ಕಡಿ ಎತ್ತು, ಕಾಲ ಕಡಿ ಇಳಸು! ದತ್ತಪ್ಪಾ, ನೀ ಬಿಡು, ಸರಿ ಆಕಡಿ!"

ಅವಳೇ ಸೆರಗು ಸಿಕ್ಕಿಸಿ ಬಂದು ಮಂಚಕ್ಕೆ ಒಂದು ತಿರುವು ಕೊಟ್ಟಳು. ಅದು ದನದ ಹಾಗೆ ತಲೆ ಬಗ್ಗಿಸಿ ಹೊರಗೆ ಬಂತು. ಆಗಲೇ ಬಸ್ಸು ಧೂಳೆಬ್ಬಿಸಿ ಓಣಿಯ ತುದಿಯಲ್ಲಿ ಹೋದದ್ದು ಕಾಣಿಸಿತು.

"ಬಸ್ ಹೋತು" ಎಂದಳು.

"ಇರು ಅಕ್ಕಾ" ಎಂದರು ರಾಯರು, ಜೋಳದೊಳಗಿನಿಂದ.

"ಇರದ ಏನ್ ಮಾಡ್ಲಿ? ನೀ ಚೆಲ್ಲಿದ ಈ ಜ್ವಾಳ ಯಾರು ಬಳೀಬೇಕು?"

ಮಂಚ ನಡುಮನೆಗೆ ಬಂತು, ಟಿ.ವಿ. ಉದ್ದನೆಯ ವಾಯರು ಎಳೆದುಕೊಂಡು ಪಡಸಾಲೆಗೆ ಹೋಯಿತು. ಆ ವಾರವೇ ಒಂದು ದಿನ ರಾಯರು ಅಂಜುತ್ತ, "ಅಕ್ಕಾ, ಅಫಜಲಪುರದ ಕಡಿ ಹೋಗಿ ಭೀಮಾ ನದಿ ನೋಡಿ ಬರೋಣೇನು?" ಎಂದರು. "ಹೋಗ್ತೇನಿ. ಖರೆ ನೀ ಬ್ಯಾಡ. ಗೌರಾ, ಟೀಚರ್ ಇದ್ರ ಸಾಕು" ಎಂದಳು ಅಕ್ಕ. ಮೂವರೂ ಬುತ್ತಿ ಕಟ್ಟಿಕೊಂಡು ಹೋಗಿ ಬಂದರು. ಏನು ನೋಡಿದರೆಂದು ರಾಯರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳುವ ಧೈರ್ಯ ಮಾಡಲಿಲ್ಲ.

ಮುಂದಿನ ರವಿವಾರ ಮತ್ತೆ ಓಣಿ ಸೇರಿತು. ಸಿನಿಮಾ ಶುರುವಾಯಿತು, ಅಕ್ಷರ ಓಡತೊಡಗಿದವು. ದತ್ತಪ್ಪ ಅಭ್ಯಾಸಬಲದಿಂದ ರಾಯರ ಕಡೆ ನೋಡಿದ. ರಾಯರು ಮಾಳಿಗೆಯ ಜಂತಿ ಎಣಿಸುತ್ತಿದ್ದರು. ಪರದೆಯ ಮೇಲೆ ಒಬ್ಬ ಯುವಕ ಯಾರದೋ ಮನೆಯಲ್ಲಿ ಚಹಾ ಕುಡಿಯುತ್ತ ಏನೇನೋ ಹರಟುತ್ತಿದ್ದ.

"ಹೆಣ್ಣು ಕೇಳಾಕ ಬಂದಾನ. ಬಾಯಿ ಬರವಲ್ದು, ಮಳಿ-ಬೆಳಿ ಮಾತಾಡಾಕತ್ತಾನ" ಎಂದಳು ಗುರುಶಾಂತಮ್ಮ.

ಎಲ್ಲರೂ ಖುರ್ಷಿದ ಟೀಚರ್ ಕಡೆ ತಿರುಗಿದರು. ಟೀಚರ್ ಹೌದೆಂದು ತಲೆಯಾಡಿಸಿದರು. ಜನ ಗುರುಶಾಂತಮ್ಮನ ಹತ್ತಿರಕ್ಕೆ ಸರಿದು ಕುಳಿತರು.

ಆಮೇಲೆ ಒಬ್ಬ ದಪ್ಪ ಮನುಷ್ಯ ಬಂದ. ಆರಾಮಕುರ್ಚಿಯಲ್ಲಿ ಕುಳಿತು ಕೈ ಆಡಿಸುತ್ತ ಮಾತಾಡಿದ, ಮಾತಾಡಿದ, ಮಾತಾಡುತ್ತಲೇ ಇದ್ದ. ಕೆಳಗೆ ಅಕ್ಷರಗಳು ಎರಡೆರಡು ಸಾಲಾಗಿ ಹರಿದವು.

"ಅಕ್ಕಾವ್ರೆ, ಈ ಮನಶ್ಯಾ ಏನಂತಾನ್ರಿ?" ದತ್ತಪ್ಪ ಕೇಳಿದ.

ಗುರುಶಾಂತಮ್ಮ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಅವಗೂ ಗೊತ್ತಿಲ್ಲೋ ದತ್ತಪ್ಪಾ. ಮುಂದ ಮಂದಿ ಕುಂತಾರಲ್ಲ, ಅದಕ್ಕ ಹೇಳಾಕತ್ತಾನ!"